ಮಳೆ ಬಂದನು, ಮಳೆ ಬಂದಳು

ನಿವೃತ್ತನಾದ ಮೇಲೆ ಪರೀಕ್ಷೆಯೆಂಬುದು ನಮ್ಮ ಮನೆಯ ಹೊಸ್ತಿಲನ್ನು ಮತ್ತೆ ದಾಟಲಾರದು ಎಂದು ನಾನು ನಂಬಿದ್ದೆ. ಮೂವತ್ತೈದು ವರ್ಷ ಪ್ರಶ್ನೆಪತ್ರಿಕೆ ತೆಗೆದು, ಉತ್ತರಪತ್ರಿಕೆ ತಿದ್ದಿ, ಅಂಕಪಟ್ಟಿ ಬರೆದು ಸಾಕಾಗಿದ್ದ ಕೈಗಳಿಗೆ ವಿಶ್ರಾಂತಿ ದೊರೆಯಿತೆಂದು ಸಮಾಧಾನಪಟ್ಟಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ ಪರೀಕ್ಷೆ ಮತ್ತೆ ಬಂದಿತು. ಅದೂ ನನಗೆ ಒಂದಕ್ಷರವೂ ಬಾರದ ಭಾಷೆಯಲ್ಲಿ.

ನನ್ನ ಮೊಮ್ಮಗಳು ಬೆಳಗಾವಿಯ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿದ್ದಾಳೆ. ಮಾಧ್ಯಮ ಇಂಗ್ಲಿಷ್, ಎರಡನೆಯ ಭಾಷೆ ಕನ್ನಡ, ಮೂರನೆಯದು ಫ್ರೆಂಚ್. ಮೊದಲ ಕಿರುಪರೀಕ್ಷೆಯಲ್ಲಿ ಫ್ರೆಂಚಿಗೆ ಇಪ್ಪತ್ತಕ್ಕೆ ಒಂಬತ್ತು ಬಂದಿತ್ತು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅರ್ಧವಾರ್ಷಿಕ ಪರೀಕ್ಷೆಗೆ ಓದಿಸುವ ಹೊಣೆ ಅಜ್ಜನ ಹೆಗಲಿಗೆ ಬಂದಿತು. “ಕನ್ನಡ ಮೇಷ್ಟ್ರಿಗೆ ಫ್ರೆಂಚು ಹೆಂಗ ಬರ್ತದಪ್ಪ?” ಎಂದು ನಾನು ಕೇಳಿದ್ದಕ್ಕೆ ಮಗ ನಗುತ್ತ, “ನೀವು ಬಿ.ಎಡ್. ಮಾಡೀರಲ್ಲ ಅಪ್ಪ, ಕಲಿಸೂದು ಗೊತ್ತದಲ್ಲ” ಎಂದುಬಿಟ್ಟ.

ಉತ್ತರಪತ್ರಿಕೆಯನ್ನು ಬಿಡಿಸಿ ನೋಡಿದೆ. ಕೆಂಪು ಮಸಿಯ ಮೊದಲನೆಯ ವೃತ್ತ ಒಂದು ಪುಟ್ಟ ಪದದ ಸುತ್ತ ಇತ್ತು. ಫ್ರೆಂಚಿನಲ್ಲಿ ಮಳೆಗೆ ‘ಪ್ಲುಯಿ’ ಎನ್ನುತ್ತಾರಂತೆ. ಅದರ ಹಿಂದೆ ‘ಲಾ’ ಎಂಬ ಪದ ಬರಬೇಕು, ಹುಡುಗಿ ‘ಲ’ ಎಂದು ಬರೆದಿದ್ದಳು. ಆ ಭಾಷೆಯಲ್ಲಿ ಪ್ರತಿಯೊಂದು ನಾಮಪದವೂ ಗಂಡೋ ಹೆಣ್ಣೋ ಆಗಿರಲೇಬೇಕು, ನಪುಂಸಕಲಿಂಗವಿಲ್ಲ. ಗಂಡಿಗೆ ‘ಲ’, ಹೆಣ್ಣಿಗೆ ‘ಲಾ’. ಪುಸ್ತಕ ಗಂಡು, ಮೇಜು ಹೆಣ್ಣು, ಸೂರ್ಯ ಗಂಡು, ಮಳೆ ಹೆಣ್ಣು.

“ಅಜ್ಜಾ, ಮಳಿ ಹೆಣ್ಣು ಹೆಂಗಾತು?” ಎಂದು ಮೊಮ್ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿ ಅವಳ ಗೆಳತಿ ಕುಳಿತಿದ್ದಳು. ನೆರೆಮನೆಯ ಹುಡುಗಿ, ಮನೆಮಾತು ಮರಾಠಿ. ಅವಳು ತಟ್ಟನೆ ಹೇಳಿದಳು: “ನಮ್ಮನ್ಯಾಗ ಮಳಿ ಗಂಡಸು ಅಜ್ಜಾ. ಪಾವೂಸ್ ಆಲಾ ಅಂತೀವಿ. ಮಳಿ ಬಂದ ಅಂದಂಗ.”

ಮಕ್ಕಳಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮುಂದೆ 1986ನೆಯ ಇಸವಿಯ ಖಾನಾಪುರ ತಾಲ್ಲೂಕಿನ ಒಂದು ತರಗತಿ ಬಂದು ನಿಂತಿತ್ತು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ನಾನು ಕೆಲಸಕ್ಕೆ ಸೇರಿದ್ದು 1985ರಲ್ಲಿ, ಖಾನಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿಗೆ ಕಾಡಂಚಿನ ಊರುಗಳಿಂದ ಮಕ್ಕಳು ನಡೆದು ಬರುತ್ತಿದ್ದರು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಯೆಂದರೆ ಹೇಗಿರುತ್ತದೆಂಬುದು ಆ ಭಾಗದವರಿಗೆಲ್ಲ ಗೊತ್ತು. ಬಹಳಷ್ಟು ಮಕ್ಕಳ ಮನೆಮಾತು ಮರಾಠಿ. ಕೆಲವರದು ಕೊಂಕಣಿ, ಕೆಲವರದು ಕನ್ನಡ. ಕನ್ನಡ ಅವರಲ್ಲಿ ಹಲವರಿಗೆ ಶಾಲೆಯಲ್ಲಿ ಕಲಿಯುವ ಭಾಷೆ.

ಆ ದಿನಗಳ ಹವೆಯನ್ನೂ ಹೇಳಬೇಕು. ವಿ.ಕೃ. ಗೋಕಾಕ್ ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತ್ತು. ಅದರ ಜಾರಿಗಾಗಿ 1982ರಲ್ಲಿ ನಡೆದ ಚಳವಳಿಗೆ ಡಾ. ರಾಜ್‌ಕುಮಾರ್ ಧುಮುಕಿದಾಗ ಅವರ ಜಾಥಾ ಹೊರಟದ್ದು ನಮ್ಮ ಬೆಳಗಾವಿಯಿಂದಲೇ. ನಾನಾಗ ಇಪ್ಪತ್ತೆರಡರ ತರುಣ. ಘೋಷಣೆ ಕೂಗಿ ಗಂಟಲು ಹರಿದುಕೊಂಡವರಲ್ಲಿ ಒಬ್ಬ. 1986ರ ಜೂನ್ ತಿಂಗಳಲ್ಲಿ ಕನ್ನಡ ಕಡ್ಡಾಯದ ವಿರುದ್ಧ ಬೆಳಗಾವಿ ಭಾಗದಲ್ಲಿ ಮರಾಠಿ ಭಾಷಿಕರ ಚಳವಳಿ ನಡೆಯಿತು. ಗೋಲಿಬಾರ್ ಆಯಿತು, ಪ್ರಾಣಗಳು ಹೋದವು. ಶಾಲೆ ಮತ್ತೆ ತೆರೆದಾಗ ನಾನು ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದು ತರಗತಿಯೊಳಗೆ ಹೋದರೆ, ಕೆಲವು ಮಕ್ಕಳ ಕಣ್ಣಿನಲ್ಲಿ ನಾನು ಮೇಷ್ಟ್ರಾಗಿರಲಿಲ್ಲ, ಒಂದು ಪಕ್ಷವಾಗಿದ್ದೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿಯೂ ನಾನು ಹಾಗೆಯೇ ಇದ್ದೆ.

ಆ ವರ್ಷ ಆಷಾಢದಲ್ಲಿ ಎಂಟನೆಯ ತರಗತಿಗೆ ‘ಮಳೆಗಾಲ’ ಎಂಬ ವಿಷಯ ಕೊಟ್ಟು ಹತ್ತು ವಾಕ್ಯ ಬರೆಯಿಸಿದೆ. ಒಬ್ಬ ಹುಡುಗ ಮಾತ್ರ ಒಂದೂವರೆ ಪುಟ ಬರೆದಿದ್ದ. ಹೊಳೆಗೆ ನೀರು ಏರಿದ್ದು, ಶಾಲೆಗೆ ಬರುವಾಗ ಅಪ್ಪ ಹೆಗಲ ಮೇಲೆ ಹೊತ್ತು ದಾಟಿಸಿದ್ದು, ಕಂಬಳಿಯ ಕೊಪ್ಪೆಯೊಳಗೆ ಪುಸ್ತಕ ಒದ್ದೆಯಾದದ್ದು, ಎಲ್ಲವೂ ಅದರಲ್ಲಿತ್ತು. ಮೊದಲ ವಾಕ್ಯ ಹೀಗಿತ್ತು: ‘ನಮ್ಮ ಊರಿಗೆ ಮಳೆ ಬಂದನು.’ ಕೆಳಗೆ ‘ಬಸ್ಸು ಬಂದಳು’ ಎಂದೂ ಇತ್ತು. ಮರಾಠಿಯಲ್ಲಿ ಬಸ್ಸು ಹೆಣ್ಣು.

ನಾನು ಆ ವಾಕ್ಯಗಳನ್ನು ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಓದಿದ ಧಾಟಿಯೇ ನಗಿಸುವಂತಿತ್ತು. ತರಗತಿ ನಕ್ಕಿತು. “ಮಳೆ ಬಂದನಾ? ಚಹಾ ಕುಡಿದು ಹೋದನಾ?” ಎಂದೆ. ಇನ್ನೂ ಜೋರಾಗಿ ನಕ್ಕರು. ಆ ದಿನದಿಂದ ಅವನ ಹೆಸರೇ ‘ಮಳೆಬಂದನು’ ಎಂದಾಯಿತು. ಅವನು ಅಳಲಿಲ್ಲ. ಆದರೆ ಮುಂದಿನ ಮೂರು ವರ್ಷ ಆ ಹುಡುಗ ಕನ್ನಡದಲ್ಲಿ ಸ್ವಂತದ ಒಂದು ವಾಕ್ಯವನ್ನೂ ಬರೆಯಲಿಲ್ಲ. ಗೈಡಿನಿಂದ ಉತ್ತರಗಳನ್ನು ಬಾಯಿಪಾಠ ಮಾಡಿ, ಅಲ್ಲಿದ್ದ ಅಲ್ಪವಿರಾಮವನ್ನೂ ಬಿಡದೆ ಇಳಿಸುತ್ತಿದ್ದ. ಎಸ್.ಎಸ್.ಎಲ್.ಸಿ.ಯಲ್ಲಿ ಪಾಸಿಗೆ ಬೇಕಾದಷ್ಟು ಅಂಕ ತೆಗೆದು ಹೊರಟುಹೋದ.

ಅವನ ತಪ್ಪಿನೊಳಗೊಂದು ತರ್ಕವಿತ್ತು. ಕನ್ನಡದಲ್ಲಿ ಲಿಂಗವನ್ನು ಅರ್ಥ ನೋಡಿ ಹೇಳುತ್ತೇವೆ: ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಕಲ್ಲು, ಮರ, ನೀರು ಎಲ್ಲ ನಪುಂಸಕ. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ಮೂರು ಲಿಂಗಗಳಿವೆ, ಜೀವವಿಲ್ಲದ ವಸ್ತುವೂ ಮೂರರಲ್ಲಿ ಯಾವುದಾದರೂ ಆಗಬಹುದು. ಕುರ್ಚಿ ಹೆಣ್ಣು, ಮಳೆ ಗಂಡು, ಪುಸ್ತಕ ನಪುಂಸಕ. ಅದೂ ಅಲ್ಲದೆ ನಮ್ಮ ಕನ್ನಡ ಪಠ್ಯದಲ್ಲಿಯೇ ‘ಸೂರ್ಯನು ಉದಯಿಸಿದನು’ ಎಂದಿರುತ್ತದೆ. ಸೂರ್ಯ ಉದಯಿಸಿದನು ಎಂಬುದು ಸರಿಯಾದರೆ ಮಳೆ ಬಂದನು ಎಂಬುದೇಕೆ ತಪ್ಪು? ಆ ಹುಡುಗ ಹೀಗೆ ಕೇಳಿದ್ದರೆ ನಾನು ಉತ್ತರಿಸಲು ತಡಬಡಾಯಿಸುತ್ತಿದ್ದೆ. ಕೇಳಲು ಅವನಿಗೆ ಅವಕಾಶವನ್ನೇ ಕೊಡಲಿಲ್ಲ.

ಈ ನೆನಪಿನಿಂದ ಹೊರಬರಲಾಗದೆ, ನಮ್ಮ ಸೀಮೆಯಲ್ಲಿ ಯಾರು ಯಾರ ಭಾಷೆಯನ್ನು ಹೇಗೆ ಕಲಿತರು ಎಂದು ಯೋಚಿಸತೊಡಗಿದೆ. ಚರಿತ್ರೆಯನ್ನೂ ಪಾಠ ಮಾಡಿದವನಾದ್ದರಿಂದ ಅದನ್ನಿಲ್ಲಿ ಸಂಕ್ಷೇಪವಾಗಿ ಹೇಳುವೆ.

ಬೆಳಗಾವಿಯಲ್ಲಿ ಹೊರಗಿನವರು ಬಂದು ಭಾಷೆ ಕಲಿಯುವ ಕೆಲಸ ಹಳೆಯದು. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಇಲ್ಲಿಗೆ ಬಂದದ್ದು 1820ರಲ್ಲಿ. ಅನಂತರ ಬಂದ ಇಂಗ್ಲಿಷ್ ಅಧಿಕಾರಿಗಳು ಇಲ್ಲಿನ ಭಾಷೆಗಳಲ್ಲಿ ಪರೀಕ್ಷೆಗೆ ಕೂರಬೇಕಾಗುತ್ತಿತ್ತು. ಅವರಲ್ಲಿ ಜೆ.ಎಫ್. ಫ್ಲೀಟ್ ಒಬ್ಬರು. 1867ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿ, 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾದರು. ಇದೇ ಖಾನಾಪುರ ತಾಲ್ಲೂಕಿನ ಹಲಸಿಯ ಕದಂಬ ತಾಮ್ರಶಾಸನಗಳನ್ನು ಓದಿ ಪ್ರಕಟಿಸಿದವರು ಅವರು. ಹಲಗಲಿಯ ಬೇಡರ ಲಾವಣಿ, ಸಂಗೊಳ್ಳಿ ರಾಯಣ್ಣನ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅವರೇ. ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಇದೇ ತಾಲ್ಲೂಕಿನಲ್ಲಿದೆ. ಫ್ಲೀಟರ ಮನೆಮಾತಾದ ಇಂಗ್ಲಿಷಿಗೆ ನಮ್ಮ ಕ್ರಿಯಾಪದಗಳ ರೂಪವೈವಿಧ್ಯವಿಲ್ಲ. ಕಲಿಯತೊಡಗಿದ ದಿನಗಳಲ್ಲಿ ಅವರೂ ‘ಬಂದನು, ಬಂದಳು, ಬಂದಿತು’ಗಳಲ್ಲಿ ಎಡವಿರಲೇಬೇಕು. ಆದರೆ ದೊರೆಯ ತಪ್ಪಿಗೆ ನಗುವ ಧೈರ್ಯ ಯಾರಿಗಿತ್ತು?

ಅದೇ ಕಾಲದಲ್ಲಿ ನಮ್ಮ ಮಕ್ಕಳ ಸ್ಥಿತಿ ಬೇರೆಯಾಗಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಶಾಲೆ, ಕಚೇರಿಗಳೆರಡರಲ್ಲೂ ಮರಾಠಿಯ ಪ್ರಾಬಲ್ಯವಿತ್ತು; ಕನ್ನಡದ ಮಕ್ಕಳು ಮರಾಠಿಯಲ್ಲಿ ಪಾಠ ಕೇಳುತ್ತಿದ್ದರು. ಇದನ್ನು ಬದಲಿಸಲು ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು (1834–1881) ಮತ್ತು ಶಿಕ್ಷಣಾಧಿಕಾರಿಯಾಗಿದ್ದ ರಸೆಲ್ ಸಾಹೇಬರು. ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆಯಿಸಿದರು, ಕನ್ನಡ ಶಿಕ್ಷಕರನ್ನು ತರಬೇತುಗೊಳಿಸಿದರು, ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು. ಈ ಮಹನೀಯರ ಹೆಸರನ್ನು ಹೇಳುವಾಗ ನನ್ನ ಎದೆ ಇಂದಿಗೂ ಉಬ್ಬುತ್ತದೆ. ಆದರೆ ಈಗ ಇನ್ನೊಂದು ಪ್ರಶ್ನೆಯೂ ಹುಟ್ಟುತ್ತದೆ. ಮರಾಠಿ ಬಾರದ ಕನ್ನಡದ ಹುಡುಗ ಆಗಿನ ಮರಾಠಿ ಶಾಲೆಯಲ್ಲಿ ‘ಪಾವೂಸ್ ಆಲೀ’ ಎಂದು ತಪ್ಪು ಹೇಳಿದಾಗ ತರಗತಿ ನಕ್ಕಿರಲಾರದೇ? ಆ ಮಕ್ಕಳಿಗಾಗಿಯಲ್ಲವೇ ಚನ್ನಬಸಪ್ಪನವರು ಊರೂರು ಅಲೆದದ್ದು? ನೂರು ವರ್ಷಗಳ ಅನಂತರ ಅದೇ ಜಿಲ್ಲೆಯಲ್ಲಿ, ಅವರ ಹೆಸರು ಹೇಳಿಕೊಂಡು ನಿಂತ ನಾನು, ಅವರು ಯಾವ ಕಷ್ಟದಿಂದ ಮಕ್ಕಳನ್ನು ಬಿಡಿಸಿದರೋ ಅದೇ ಕಷ್ಟವನ್ನು ಇನ್ನೊಂದು ಮಗುವಿಗೆ ಕೊಟ್ಟೆ.

ಫ್ರೆಂಚ್ ಕೂಡ ನಾವು ತಿಳಿದಷ್ಟು ದೂರದ ಭಾಷೆಯಲ್ಲ. ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಇಲ್ಲಿನವರ ಉಡುಪನ್ನೇ ತೊಟ್ಟು ಬಾಳಿ, ನಮ್ಮ ಆಚಾರವಿಚಾರಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಬೆಂಗಳೂರಿನಲ್ಲಿ ಅಚ್ಚಾದ ಲ್ಯಾಟಿನ್–ಕನ್ನಡ ನಿಘಂಟು ಫ್ರೆಂಚ್ ಪಾದ್ರಿಗಳ ಶ್ರಮದ ಫಲ. ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಸಂಸ್ಕೃತ, ಪಾರಸಿ, ಲ್ಯಾಟಿನ್‌ಗಳ ಜೊತೆಗೆ ಫ್ರೆಂಚ್ ಕೂಡ ಎರಡನೆಯ ಭಾಷೆಯಾಗಿ ದೊರೆಯುತ್ತಿತ್ತು. ಖಾನಾಪುರದ ಘಟ್ಟ ಇಳಿದರೆ ಗೋವೆ. ಅಲ್ಲಿ 1961ರ ಡಿಸೆಂಬರಿನಲ್ಲಿ ವಿಮೋಚನೆಯಾಗುವವರೆಗೆ ಪೋರ್ಚುಗೀಸರ ಲಿಸೆಯುಮ್ ಶಾಲೆಯಲ್ಲಿ ಫ್ರೆಂಚ್ ಒಂದು ಪಾಠವಿಷಯವಾಗಿತ್ತು. ಅದೇ ಗೋವೆಯ ಎಷ್ಟೋ ಹುಡುಗರು ಇಂಗ್ಲಿಷ್ ಕಲಿಯಲೆಂದು ಘಟ್ಟ ಹತ್ತಿ ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆಗೆ ಬರುತ್ತಿದ್ದರು. ಹೊಟ್ಟೆಪಾಡಿಗೂ ಓದಿಗೂ ಪರಭಾಷೆಯ ಕದ ತಟ್ಟುವುದು ಈ ಸೀಮೆಯ ಮಕ್ಕಳಿಗೆ ಹೊಸದಲ್ಲ.

1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕೊಂದನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350–ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವನ್ನು ರಾಜ್ಯಗಳು ಮಾಡಿಕೊಡಬೇಕೆಂದು ಅದು ಹೇಳುತ್ತದೆ. 1968ರ ರಾಷ್ಟ್ರೀಯ ಶಿಕ್ಷಣ ನೀತಿ ತ್ರಿಭಾಷಾ ಸೂತ್ರವನ್ನು ಮುಂದಿಟ್ಟಿತು. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದ ಸಿಬಿಎಸ್‌ಇ ಶಾಲೆಗಳಲ್ಲಿಯೂ ಕನ್ನಡ ಕಲಿಯುವಂತಾಯಿತು. ಈ ನಾಡಿನಲ್ಲಿ ಬಾಳುವ ಮಗು ಕನ್ನಡ ಕಲಿಯಬೇಕೆಂಬುದರಲ್ಲಿ ನನಗೆ ಅಂದೂ ಸಂದೇಹವಿರಲಿಲ್ಲ, ಇಂದೂ ಇಲ್ಲ. ಆದರೆ ಕಾನೂನು ಮಗುವನ್ನು ತರಗತಿಯವರೆಗೆ ಕರೆತರಬಲ್ಲುದು, ಅಷ್ಟೆ. ಅಲ್ಲಿಂದ ಮುಂದೆ ಭಾಷೆ ಅದಕ್ಕೆ ಒಲಿಯುವುದೋ ಮುನಿಯುವುದೋ ಮೇಷ್ಟ್ರ ನಾಲಗೆಯ ಮೇಲಿದೆ.

ಇನ್ನು ನಮ್ಮ ಫ್ರೆಂಚ್ ಓದಿನ ವಿಷಯ. ನನಗೆ ಬಾರದೆಂಬುದನ್ನೇ ಉಪಾಯ ಮಾಡಿಕೊಂಡೆ. “ನೀನೇ ಬಾಯಿ, ನಾನು ವಿದ್ಯಾರ್ಥಿ” ಎಂದು ಮೊಮ್ಮಗಳಿಗೆ ಹೇಳಿದೆ. ದಿನಕ್ಕೆ ಇಪ್ಪತ್ತೇ ನಿಮಿಷ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿ, ‘ಲ’ ಪದಗಳನ್ನು ನೀಲಿಯಲ್ಲಿ, ‘ಲಾ’ ಪದಗಳನ್ನು ಹಸಿರಿನಲ್ಲಿ ಬರೆದೆವು. ಪದವನ್ನು ಎಂದೂ ಒಂಟಿಯಾಗಿ ಹೇಳಬಾರದು, ‘ಲಾ ಪ್ಲುಯಿ’ ಎಂದು ಜೋಡಿಯಾಗಿಯೇ ಹೇಳಬೇಕೆಂದು ನಿಯಮ ಮಾಡಿದೆವು. ಉಚ್ಚಾರಕ್ಕೆ ಮೊಬೈಲಿನ ನಿಘಂಟನ್ನು ಕೇಳಿದೆವು, ಏಕೆಂದರೆ ಬರೆದ ಕೊನೆಯ ಅಕ್ಷರಗಳನ್ನು ನುಂಗುವುದು ಆ ಭಾಷೆಯ ಹವ್ಯಾಸ.

ಕನ್ನಡ ನೆರವಿಗೆ ಬಂದ ಕಡೆಗಳೂ ಇದ್ದವು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಫ್ರೆಂಚಿನಲ್ಲಿ ‘ತ್ಯು’ ಮತ್ತು ‘ವೂ’ ಎಂದು ಎರಡು. “ಗೆಳತಿಗೆ ನೀನು, ಅಜ್ಜಗ ನೀವು, ಅಷ್ಟೇ” ಎಂದೊಡನೆ ಹುಡುಗಿಗೆ ಆ ಪಾಠ ಮುಗಿಯಿತು. ‘ನಾನು ಬರುತ್ತೇನೆ, ನೀನು ಬರುತ್ತೀಯೆ, ಅವರು ಬರುತ್ತಾರೆ’ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದೂ ನಮಗೆ ಮನೆಯದೇ ಪದ್ಧತಿ. ಸಂಖ್ಯೆಗಳಲ್ಲಿ ಮಾತ್ರ ಮೂವರೂ ಮುಗ್ಗರಿಸಿದೆವು. ಎಪ್ಪತ್ತಕ್ಕೆ ಅವರು ‘ಅರವತ್ತು–ಹತ್ತು’ ಎನ್ನುತ್ತಾರೆ, ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’, ತೊಂಬತ್ತೊಂಬತ್ತಕ್ಕೆ ‘ನಾಲ್ಕು ಇಪ್ಪತ್ತು ಹತ್ತು ಒಂಬತ್ತು’! ಇಲ್ಲಿ ನೆರೆಮನೆಯ ಹುಡುಗಿಯೇ ಸಮಾಧಾನ ಹೇಳಿದಳು: “ನಮ್ಮಲ್ಲೂ ಇಪ್ಪತ್ತೊಂಬತ್ತಕ್ಕ ಏಕೋಣತೀಸ ಅಂತೀವಿ, ಮೂವತ್ತಕ್ಕ ಒಂದು ಕಮ್ಮಿ ಅಂತ. ಎಲ್ಲರ ಮನ್ಯಾಗೂ ಏನರೆ ಒಂದು ತಿರಕಾ ಇರ್ತದ.” ಭಾಷಾಶಾಸ್ತ್ರದ ದೊಡ್ಡ ಮಾತನ್ನು ಹನ್ನೊಂದು ವರ್ಷದ ಹುಡುಗಿ ಹೇಳಿದ್ದಳು. ಲಿಂಗದ ಪಾಠದಲ್ಲಂತೂ ಅವಳೇ ನಮಗೆ ಗುರು. ವಸ್ತುಗಳಿಗೂ ಲಿಂಗವಿರುತ್ತದೆಂಬುದೇ ನಮಗೆ ವಿಚಿತ್ರ; ಅವಳಿಗೆ ಹುಟ್ಟಿನಿಂದ ಸಹಜ. 1986ರಲ್ಲಿ ನಾನು ದೋಷವೆಂದು ನಕ್ಕದ್ದು ಈಗ ಕಣ್ಣೆದುರು ಬಂಡವಾಳವಾಗಿ ನಿಂತಿತ್ತು.

ಅರ್ಧವಾರ್ಷಿಕದಲ್ಲಿ ಮೊಮ್ಮಗಳಿಗೆ ಎಂಬತ್ತಕ್ಕೆ ಐವತ್ತೆಂಟು ಬಂದವು. ಮೊದಲನೆಯ ಸ್ಥಾನವಲ್ಲ. ಆದರೆ ಮಳೆಗಾಲದ ಬಗ್ಗೆ ಐದು ವಾಕ್ಯ ಬರೆಯುವ ಪ್ರಶ್ನೆಗೆ ಏಳು ವಾಕ್ಯ ಬರೆದಿದ್ದಳು. ಅದರಲ್ಲಿ ಮೂರು ತಪ್ಪಿದ್ದವು. ಅವರ ಶಿಕ್ಷಕಿ ತಪ್ಪುಗಳನ್ನು ತಿದ್ದಿ, ಕೆಳಗೆ ಒಂದು ಪುಟ್ಟ ಕೊಡೆಯ ಚಿತ್ರ ಬರೆದಿದ್ದರು. ಆ ಕೊಡೆಯನ್ನು ನಾನು ಬಹಳ ಹೊತ್ತು ನೋಡಿದೆ.

ನನ್ನ ‘ಮಳೆಬಂದನು’ ಹುಡುಗ ಮೂರು ವರ್ಷಗಳ ಹಿಂದೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಭೇಟಿಯಾಗಿದ್ದ. ತಲೆ ನರೆತಿದೆ, ಇಟ್ಟಂಗಿ ಭಟ್ಟಿ ಇಟ್ಟುಕೊಂಡಿದ್ದಾನೆ. ಕಾಲು ಮುಟ್ಟಿ ನಮಸ್ಕರಿಸಿದ. ಒಳ್ಳೆಯ ಕನ್ನಡ ಮಾತನಾಡಿದ. “ಕನ್ನಡ ಪತ್ರಿಕೆ ಓದ್ತಿಯೇನಪ್ಪ?” ಎಂದು ಹಳೆಯ ಚಟದಂತೆ ಕೇಳಿದೆ. “ದಿನಾ ಓದ್ತೀನ್ರಿ ಸರ್. ಬರಿಯೂದಿಲ್ಲ ಅಷ್ಟ. ಏನರೆ ಅರ್ಜಿ ಪರ್ಜಿ ಇದ್ರ ಮಗಳ ಕಡೆ ಬರಸ್ತೀನ್ರಿ” ಎಂದ. ಅದರಲ್ಲಿ ದೂರೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದ್ದ. ಬೆಳಗಾವಿಯ ಬಸ್ಸು ಬಂದಿತು, ನಾನು ಹತ್ತಿದೆ. ಕೇಳಬೇಕಾಗಿದ್ದ ಕ್ಷಮೆಯನ್ನು ಕೇಳಲಿಲ್ಲ. ಅದು ಕೇಳಬೇಕಾದದ್ದೆಂದು ಅಂದು ನನಗೆ ಹೊಳೆಯಲೂ ಇಲ್ಲ.

ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ, ಹಲವರು ತಂದೆತಾಯಿಯರಾಗಿ ಮಕ್ಕಳನ್ನು ಓದಿಸುತ್ತಿದ್ದೀರಿ. ಮಗು ಬರೆದ ತಪ್ಪು ವಾಕ್ಯವನ್ನು ತಿದ್ದಿರಿ, ಬಿಡಬೇಡಿರಿ. ಆದರೆ ಅದನ್ನು ಗಟ್ಟಿಯಾಗಿ ಓದಿ ನಗಿಸಬೇಡಿರಿ. ಆ ತಪ್ಪು ಯಾವ ಮನೆಯಿಂದ ಬಂದಿತು ಎಂದು ಒಮ್ಮೆ ವಿಚಾರಿಸಿರಿ.

ಆ ಹುಡುಗನೂ ಇದನ್ನು ಓದಬಹುದು. ಓದುತ್ತೇನೆಂದು ಅವನೇ ಹೇಳಿದ್ದಾನೆ. ಓದಿದರೆ, ಅಪ್ಪಾ, ನಾನು ತಪ್ಪು ಮಾಡಿದೆ. ನಿನ್ನ ಆ ಒಂದೂವರೆ ಪುಟದಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಹೊಳೆ ದಾಟಿದ ಮಾತು ಇಂದಿಗೂ ನನಗೆ ನೆನಪಿದೆ. ಅದನ್ನು ಅಂದು ತರಗತಿಗೆ ಓದಿ ಹೇಳಬೇಕಿತ್ತು. ಈ ಸಲದ ಮಳೆ ನಿಮ್ಮೂರಿನಲ್ಲಿ ಹೇಗಿತ್ತೆಂದು ನನಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳುಹಿಸು. ಮಗಳ ಕೈಯಿಂದ ಬರೆಯಿಸಬೇಡ, ನೀನೇ ಬರೆ. ಮಳೆ ಬಂದಿತು ಎಂದು ಬರೆದರೂ ಸರಿ, ಮಳೆ ಬಂದನು ಎಂದು ಬರೆದರೂ ಸರಿ.